ಕೊಂಬಿನ ಗುಂಡಿಯ ಪೆನಾಲ್ಟಿ

ಯಾರಾದರೂ ದೆವ್ವ, ಆತ್ಮ, ಮುನ್ಸೂಚನೆ ಎಂದು ಶುರುಮಾಡಿದರೆ ಎದ್ದು ಹೋಗುವ ಪೈಕಿ ನಾನು. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಇನ್ನೊಮ್ಮೆ ಮಾಡಿ ತೋರಿಸಲಾಗದ ದೋಷವನ್ನು ನಾನು ದೋಷವೆಂದೇ ಒಪ್ಪುವುದಿಲ್ಲ. ಹಾಗಾಗಿ ಮುಂದೆ ಬರೆಯುವುದನ್ನು ನಂಬಿ ಎಂದು ನಿಮ್ಮನ್ನು ಕೇಳಲಾರೆ, ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ಇದನ್ನು ಕೇಳಿದವರು ‘ಎಷ್ಟು ಚೆನ್ನಾಗಿದೆ’ ಎಂದು ಕಣ್ಣೊರೆಸಿಕೊಂಡಾಗ ಮೈ ಉರಿಯುತ್ತದೆ. ಇದರಲ್ಲಿ ಚೆನ್ನಾಗಿರುವಂಥದ್ದು ಏನೂ ಇಲ್ಲ.

ಡಚ್ಚರ ನಾಡಿನ ಎನ್ಸ್‌ಕೆಡೆ ಎಂಬ ಊರಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಡಂಕನ್ ಎಂಬ ಎಂಬತ್ತು ದಾಟಿದ ಹಿರಿಯರಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮೈಸೂರಿನವನಾದ ನಾನು ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ಅವರ ಅಪ್ಪ ಸ್ಕಾಟ್ಲೆಂಡಿನವರು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅಲ್ಲಿನ ಸಣ್ಣ ಊರೊಂದರಲ್ಲಿ ವಾರವೆಲ್ಲ ಮಗ್ಗ ನಡೆಸಿ, ಶನಿವಾರ ಊರಿನ ಕ್ಲಬ್ಬಿಗೆ ಫುಟ್ಬಾಲ್ ಆಡುತ್ತಿದ್ದರಂತೆ. ಒಂದು ಸೀಸನ್ನಿನ ಕೊನೆಯ ಪಂದ್ಯ. ಡ್ರಾ ಆದರೂ ಕ್ಲಬ್ಬು ಮೇಲಿನ ಡಿವಿಷನ್ನಿನಲ್ಲಿ ಉಳಿಯುತ್ತಿತ್ತು. ಒಂದು ಗೋಲು ಹಿಂದಿದ್ದಾಗ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು. ಅಪ್ಪ ಒದ್ದ ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು. ಸೋಮವಾರದಿಂದ ಗಿರಣಿಯಲ್ಲಿ ಅವರೊಡನೆ ಒಬ್ಬರೂ ಮಾತಾಡಲಿಲ್ಲ. ಬೇಸತ್ತು ಊರು ಬಿಟ್ಟು ಎನ್ಸ್‌ಕೆಡೆಯ ಬಟ್ಟೆ ಗಿರಣಿಗೆ ಬಂದರು.

ಅಪ್ಪನಿಂದ ಅಂಕಲ್‌ಗೆ ಬಂದದ್ದು ಆ ಸೀಸನ್ನಿನ ಪ್ರತಿ ಪಂದ್ಯವನ್ನೂ ಬರೆದಿಟ್ಟ ಒಂದು ನೋಟ್‌ಬುಕ್ಕು. ಅವರ ಬಳಿ ಹಸಿರು ಬಟ್ಟೆ ಹೊದಿಸಿದ ಹಲಗೆಯಿತ್ತು. ಆಟಗಾರರೆಂದರೆ ಕೋಟಿನ ಇಪ್ಪತ್ತು ಗುಂಡಿಗಳು, ಗೋಲ್‌ಕೀಪರುಗಳೆಂದರೆ ಎರಡು ಬೆಂಕಿಪೊಟ್ಟಣ, ಚೆಂಡೆಂದರೆ ಅಂಗಿಯ ಬಿಳಿ ಗುಂಡಿ. ತಂತಿ ಬಗ್ಗಿಸಿ, ಸೊಳ್ಳೆಪರದೆಯ ತುಂಡು ಕಟ್ಟಿ ಗೋಲು ಮಾಡಿದ್ದರು. ಅಪ್ಪನ ಪಾತ್ರ ಅಪ್ಪನ ಕೋಟಿನಿಂದಲೇ ಕಿತ್ತ ಕಂದು ಬಣ್ಣದ ಕೊಂಬಿನ ಗುಂಡಿಯದು. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಒಂದು ಪಂದ್ಯ, ನೋಟ್‌ಬುಕ್ಕಿನಲ್ಲಿದ್ದಂತೆಯೇ. ಎದುರಾಳಿ ತಂಡ ನನ್ನದು. ನೋಟ್‌ಬುಕ್ಕಿನಲ್ಲಿ ಸೋತಿದ್ದರೆ ನಾನು ಸೋಲಲೇಬೇಕು, ಹೆಚ್ಚಿಗೆ ಬುದ್ಧಿ ಓಡಿಸಿದರೆ ಬೈಗುಳ. ಆದರೆ ಕೊನೆಯ ಪಂದ್ಯವನ್ನು ಅವರು ಮುಗಿಸುತ್ತಿರಲಿಲ್ಲ. ಕೊಂಬಿನ ಗುಂಡಿಯನ್ನು ಚೆಂಡಿನ ಹಿಂದೆ, ಪೆನಾಲ್ಟಿ ಜಾಗದಲ್ಲಿ ನಿಲ್ಲಿಸಿ, ಒಂದು ವಾರ ಹಾಗೇ ಬಿಟ್ಟು, ಮತ್ತೆ ಮೊದಲ ಪಂದ್ಯ ಶುರುಮಾಡುತ್ತಿದ್ದರು. ಅಪ್ಪನ ಕೈಯಲ್ಲಿ ಅದೇ ತಪ್ಪನ್ನು ಇನ್ನೊಮ್ಮೆ ಮಾಡಿಸಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ, ಸುಳ್ಳು ಗೋಲು ಹೊಡೆಯುವುದೂ ಆಗದು.

ಕೊರೊನಾದ ಮೊದಲ ವಸಂತ. ಮದುವೆಗೆಂದು ಮೈಸೂರಿಗೆ ಹೋದ ನನ್ನ ಹೆಂಡತಿ, ಮಗಳು ವಿಮಾನ ನಿಂತು ಅಲ್ಲೇ ಸಿಕ್ಕಿಬಿದ್ದಿದ್ದರು. ಅಂಕಲ್ ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಆರೈಕೆ ಕೇಂದ್ರ ಸೇರಿದರು. ಸೋಂಕು ತಗುಲಿದ್ದು ಅಲ್ಲೇ. ಬುಧವಾರ ಫೋನ್ ಮಾಡಿದಾಗ ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

“ಹಲಗೆ ತಗೊಂಡು ಬಾ. ಈ ಸಲ ಹೊಡೆದೇಬಿಡ್ತೀನಿ. ಗೋಲಾಗುತ್ತೋ ಬಿಡುತ್ತೋ, ಅಪ್ಪನ್ನ ಅಲ್ಲೇ ನಿಲ್ಲಿಸಿಟ್ಟು ಹೋಗಕ್ಕಾಗಲ್ಲ ನಂಗೆ.”

ಆಮೇಲೆ ನರ್ಸ್ ಫೋನ್ ತೆಗೆದುಕೊಂಡು, ಬನ್ನಿ, ಹೆಚ್ಚು ದಿನ ಇಲ್ಲ ಎಂದರು. ಗುರುವಾರ ಹಲಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಒಂದು ಫಾರ್ಮ್ ತಳ್ಳಿದಳು. ರೋಗಿಗೆ ನೀವು ಏನಾಗಬೇಕು ಎಂಬಲ್ಲಿ ನಾನು ಡಚ್ಚಿನಲ್ಲಿ ‘ನೆರೆಯವನು’ ಎಂದು ಬರೆದೆ.

“ಹಾಗಾದ್ರೆ ಒಳಗೆ ಬಿಡಕ್ಕಾಗಲ್ಲ, ಸರ್. ಕುಟುಂಬದವರು ಒಬ್ಬರಿಗೆ ಮಾತ್ರ.”

“ಈ ಹಲಗೆನಾದ್ರೂ ಅವರಿಗೆ ಕೊಡಿ.”

“ಹೊರಗಿನ ವಸ್ತು ಮೂರು ದಿನ ಬೇರೆ ರೂಮಲ್ಲಿ ಇರಬೇಕು.”

ಮೈಸೂರಿನ ಆಸ್ಪತ್ರೆಯಾಗಿದ್ದರೆ ‘ನಮ್ಮ ಚಿಕ್ಕಪ್ಪ’ ಎಂದು ತಾನಾಗಿ ಬಾಯಿಗೆ ಬರುತ್ತಿತ್ತು, ಅದು ಸುಳ್ಳೆಂದೂ ಅನ್ನಿಸುತ್ತಿರಲಿಲ್ಲ. ಇಲ್ಲಿನ ಡಚ್ ತರಗತಿಯಲ್ಲಿ, ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ತುಂಬಬೇಕು ಎಂದು ಕಲಿಸಿದ್ದರು. ಮೂರು ವರ್ಷ ಬಾಯ್ತುಂಬ ಅಂಕಲ್ ಎಂದು ಕರೆದವನು, ಒಂದು ಖಾಲಿ ಗೆರೆ ಕಂಡದ್ದೇ ಆಜ್ಞಾಧಾರಕ ವಿದ್ಯಾರ್ಥಿಯಾಗಿಬಿಟ್ಟೆ. ಆ ಹುಡುಗಿಯ ಮೇಲೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮನೆಗೆ ಬಂದು ಹಲಗೆಯನ್ನು ನನ್ನ ಊಟದ ಮೇಜಿನ ಮೇಲಿಟ್ಟು, ಕೊನೆಯ ಪಂದ್ಯದ ಕೊನೆಯ ನಿಮಿಷದಂತೆ ಗುಂಡಿಗಳನ್ನು ಜೋಡಿಸಿದೆ. ಮತ್ತೆ ಆ ಫಾರ್ಮ್ ನೆನಪಾಗಿ ಮೇಜಿಗೆ ಗುದ್ದಿದೆ. ಗುಂಡಿಗಳೆಲ್ಲ ಚೆಲ್ಲಾಪಿಲ್ಲಿ. ನಾಚಿಕೆಯಿಂದ ಮಂಡಿಯೂರಿ ಸೋಫಾದಡಿಯಿಂದ ಒಂದೊಂದನ್ನೇ ಹೆಕ್ಕಿ ಮತ್ತೆ ಜೋಡಿಸಿದೆ.

ಶನಿವಾರ ಮೂರಕ್ಕೆ ಮುಂಚೆ ಮತ್ತೆ ಹೋದೆ. ಹಲಗೆ ಬೇಡ, ಸುಳ್ಳನ್ನಾದರೂ ಹೇಳಿ ಒಳಗೆ ಹೋಗಿ ಕೈ ಹಿಡಿದುಕೊಳ್ಳೋಣ ಎಂದು. ಅವರು ನನ್ನ ಚಿಕ್ಕಪ್ಪ ಎಂದೆ. ಅದೇ ಹುಡುಗಿ ಕಂಪ್ಯೂಟರ್ ನೋಡಿ, “ಗುರುವಾರ ನೆರೆಯವನು ಅಂತ ನೀವೇ ಬರೆದಿದ್ದೀರಲ್ಲ” ಎಂದಳು. ಕೂಗಾಡಿದೆ. ಹೊರಗೆ ಕಳಿಸಿದರು. ಹಟದಿಂದ ಅಂಗಳದ ಬೆಂಚಿನ ಮೇಲೆ ಕೂತೆ.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ, ಫೋನಿನಲ್ಲಿ ಮಾತಾಡಿದ್ದ ನರ್ಸ್ ಬಾಗಿಲಿಗೆ ಬಂದು, ದೂರದಲ್ಲೇ ನಿಂತು ಹೇಳಿದರು. “ಈಗಷ್ಟೇ ಹೋಗಿಬಿಟ್ರು. ಕೊನೇಲಿ ಕಣ್ಣು ಬಿಟ್ಟು ‘ಅಪ್ಪ ಹಾಕಿಬಿಟ್ಟ’ ಅಂದ್ರು. ಏನು ಹಾಕಿದ್ದು?”

ಮನೆಗೆ ಬಂದು ಬೀಗ ತೆಗೆದೆ. ಕೀಲಿ ಇದ್ದದ್ದು ನನ್ನ ಜೇಬಿನಲ್ಲಿ, ಕಿಟಕಿಗಳೆಲ್ಲ ಮುಚ್ಚಿದ್ದವು. ಬಿಳಿ ಗುಂಡಿ ಗೋಲಿನೊಳಗೆ, ಎಡಮೂಲೆಯ ಬಲೆಗೆ ಒರಗಿಕೊಂಡಿತ್ತು. ಬೆಂಕಿಪೊಟ್ಟಣ ಬಲಕ್ಕೆ ಮಗುಚಿತ್ತು. ಕೊಂಬಿನ ಗುಂಡಿ ಇದ್ದ ಜಾಗದಿಂದ ಎರಡು ಬೆರಳಿನಷ್ಟು ಮುಂದೆ ಬಂದಿತ್ತು. ಉಳಿದ ಹತ್ತೊಂಬತ್ತು ಗುಂಡಿಗಳು ನಾನಿಟ್ಟಲ್ಲೇ ಇದ್ದವು. ತೊಂಬತ್ತು ನಿಮಿಷದ ಆಟ, ನಡುವೆ ಹತ್ತು ನಿಮಿಷದ ವಿರಾಮ ಸೇರಿಸಿದರೆ, ಮೂರಕ್ಕೆ ಶುರುವಾದ ಪಂದ್ಯದ ಕೊನೆಯ ನಿಮಿಷ ಐದಕ್ಕೆ ಇಪ್ಪತ್ತು ನಿಮಿಷವಿರುವಾಗಲೇ ಬರುತ್ತದೆ ಎಂಬುದು ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ವಿಡಿಯೋ ಕರೆಯಲ್ಲಿ ಹೆಂಡತಿ, “ರೀ, ನಿಮ್ಮ ಸಿಟ್ಟು ನಂಗೊತ್ತಿಲ್ವಾ? ಹೊರಡುವಾಗ ಬಾಗಿಲು ಧಡಾರಂತ ಹಾಕಿರ್ತೀರ” ಎಂದಳು. ಹಾಕಿದ್ದೆನೋ ಏನೋ. ಆಮೇಲೆ ಎಷ್ಟು ಸಲ ಬಾಗಿಲು ಬಡಿದೆನೋ, ಮೇಜು ಗುದ್ದಿದೆನೋ ಲೆಕ್ಕವಿಲ್ಲ. ಒಂದೋ ಏನೂ ಅಲುಗುವುದಿಲ್ಲ, ಇಲ್ಲ ಎಲ್ಲವೂ ಚೆಲ್ಲುತ್ತವೆ.

ಅವರಿಗೆ ಶಾಂತಿ ಸಿಕ್ಕಿತು ಬಿಡಿ ಎನ್ನುತ್ತಾರೆ ಜನ. ನಾನು ಬಿಡುವುದಿಲ್ಲ. ಆ ಗೋಲು ಅವರ ಬೆರಳಿನಿಂದ, ಅವರ ಕಣ್ಣೆದುರು ಆಗಬೇಕಿತ್ತು. ನಡುವೆ ಇದ್ದದ್ದು ಒಂದು ಬಾಗಿಲು ಅಷ್ಟೇ.

ಮೂರು ವಾರದ ಮೇಲೆ ಕೇಂದ್ರದಿಂದ ಸಂತಾಪದ ಕಾರ್ಡ್ ಬಂತು. ಅದರ ಮೇಲೆ ನನ್ನ ಹೆಸರಿರಲಿಲ್ಲ, ‘ನೆರೆಯವರಿಗೆ’ ಎಂದಿತ್ತು. ಗೋಲು ಹೇಗಾಯಿತೆಂದು ನನಗೆ ಇವತ್ತಿಗೂ ತಿಳಿಯದು. ಕಾರ್ಡಿನ ವಿಷಯ ಹಾಗಲ್ಲ, ಆ ಪದ ನಾನೇ ಬರೆದುಕೊಟ್ಟದ್ದು.