ಕಾಫಿ ಗಿಡದ ಬುಡದ ಚಪ್ಪಲಿಗಳು

ಎಸ್ಟೇಟಿನ ಗೇಟು ಇನ್ನೂ ಐವತ್ತು ಹೆಜ್ಜೆ ದೂರವಿರುವಾಗಲೇ ಕಾಫಿ ಗಿಡಗಳ ಬುಡದಲ್ಲಿ ಚಪ್ಪಲಿಗಳು ಕಂಡವು. ಹವಾಯಿ ಚಪ್ಪಲಿ, ಕಿತ್ತುಹೋಗಿ ಪಿನ್ನು ಚುಚ್ಚಿದ ಚಪ್ಪಲಿ, ಹೆಂಗಸರವೇ ಹೆಚ್ಚು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಇಷ್ಟು ಜನ ಬರಿಗಾಲಲ್ಲಿ ಎಲ್ಲಿಗೆ ಓಡಿದರು ಎಂದು ಗಾಬರಿಯಾಗಿ ನಿಂತುಬಿಟ್ಟೆ. ಗೇಟು ದಾಟಿ ಬಂಗಲೆಯ ಅಂಗಳಕ್ಕೆ ಬಂದಾಗ ತಿಳಿಯಿತು. ಅವರೆಲ್ಲ ನನಗಾಗಿಯೇ ಸಾಲಾಗಿ ನಿಂತು ಕಾಯುತ್ತಿದ್ದರು. ಹೆತ್ತೂರು ಕಡೆಗೆ ಆರೋಗ್ಯ ಸಹಾಯಕಿಯಾಗಿ, ಊರವರ ಬಾಯಲ್ಲಿ ನರ್ಸಮ್ಮನಾಗಿ, ನಾನು ಬಂದ ಮೊದಲ ವಾರವದು. ತೊಂಬತ್ತರ ದಶಕ ಮುಗಿಯುತ್ತ ಬಂದಿದೆ, ಇದು ಎರಡು ವರ್ಷದ ಹಿಂದಿನ ಮಾತು.

ನಮ್ಮ ಲಿಂಗಸುಗೂರು ಕಡೆಯ ಓದುಗರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನಮ್ಮವ್ವ ಮೇಲಿನ ಓಣಿ ದಾಟುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆದವಳು. ಅಲ್ಲಿ ಕೈಯಲ್ಲಿ, ಇಲ್ಲಿ ಗಿಡದ ಬುಡದಲ್ಲಿ. ನನಗೆ ಹೊಸದಾಗಿ ಕಂಡದ್ದು ನನ್ನದೇ ಕಾಲು. ಜಗಲಿಯ ಮೆಟ್ಟಿಲವರೆಗೂ ನಾನು ಚಪ್ಪಲಿ ಮೆಟ್ಟಿಕೊಂಡೇ ಹೋದೆ. ಯಾರೂ ಏನೂ ಅನ್ನಲಿಲ್ಲ. ಕುರ್ಚಿ ಹಾಕಿಸಿದರು, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಯಾಕೆಂದರೆ ನಾನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಳ್ಳಲು ಪ್ರಯತ್ನ ನಡೆದೇ ಇತ್ತು. ನನಗೆ ಬಾಡಿಗೆಗೆ ಕೋಣೆ ಕೊಟ್ಟ ಲಲಿತಮ್ಮ ಮೊದಲು ಹೆಸರು ಕೇಳಿದರು, ಎರಡನೆಯದಾಗಿ, "ನಿಮ್ದು ಯಾವ ಜನ ಆಯ್ತದಮ್ಮ?" ಎಂದರು. ಹೊಲದ ಕೆಲಸದವರು ಎಂದೆ. ಸುಳ್ಳಲ್ಲ, ಹೊಲ ಮಾತ್ರ ನಮ್ಮದಾಗಿರಲಿಲ್ಲ. ಅವರಿಗೆ ಸಮಾಧಾನವಾಯಿತು. ಬಿಸಿ ಅಕ್ಕಿರೊಟ್ಟಿ, ಕಳಲೆ ಪಲ್ಯ ತಂದುಕೊಟ್ಟರು. ಬಿದಿರಿನ ಮೊಳಕೆಯನ್ನೂ ತಿನ್ನುತ್ತಾರೆಂದು ನನಗೆ ತಿಳಿದದ್ದೇ ಆಗ. ರುಚಿಯಾಗಿಯೇ ಇತ್ತು. ಆದರೆ ಅವರ ಮನೆಯಲ್ಲಿ ತಿಂದ ಒಂದು ತುತ್ತೂ ನೆಮ್ಮದಿಯಿಂದ ಒಳಗಿಳಿಯಲಿಲ್ಲ. ಊರಿನಿಂದ ಕಾಗದ ಬಂದರೆ ಕಳಿಸಿದವರ ವಿಳಾಸದಲ್ಲಿರುವ ಕೇರಿಯ ಹೆಸರು ಅವರ ಕಣ್ಣಿಗೆ ಬಿದ್ದೀತೆಂದು ನಾನೇ ಅಂಚೆಯವನ ದಾರಿ ಕಾಯುತ್ತಿದ್ದೆ. ನಿದ್ದೆ ಕೆಟ್ಟಿತು, ತಲೆನೋವು ಹಿಡಿಯಿತು. ಹವೆ ಹಿಡಿಸುತ್ತಿಲ್ಲ ಎಂದುಕೊಂಡೆ.

ಪ್ರತಿ ಬುಧವಾರ ಎಸ್ಟೇಟಿನ ಸರದಿ. ರೈಟರ್, ಅಂದರೆ ಹಾಜರಿ ಬರೆಯುವ ಶಿವಪ್ಪ, ಹೆಸರು ಕೂಗುತ್ತಿದ್ದ. ಲೈನಿನ ಹೆಂಗಸರು, ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳವರು, ಏರು ಹತ್ತಿ ಬಂದು ಜಗಲಿಯ ಕೆಳಗೆ ನಿಂತು ತೋಳು ಚಾಚುತ್ತಿದ್ದರು. ನಾನು ಮೇಲೆ ಕುರ್ಚಿಯಲ್ಲಿ ಕೂತು ಬಿ.ಪಿ. ನೋಡುತ್ತಿದ್ದೆ. ಬಹಳಷ್ಟು ಜನರಿಗೆ ಜಾಸ್ತಿ. "ಉಪ್ಪು ಕಡಿಮಿ ತಿನ್ರಿ, ಒಣಮೀನು ಬಿಡ್ರಿ," ಎಂದು ಗದರುತ್ತಿದ್ದೆ. ನನ್ನ ಭಾಷೆಗೆ ಅವರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಉಪ್ಪಿನ ಮಾತಿಗೆ ಮಾತ್ರ ಅಪರಾಧಿಗಳಂತೆ ತಲೆ ತಗ್ಗಿಸುತ್ತಿದ್ದರು.

ಅವರಲ್ಲಿ ಸಿದ್ದಮ್ಮನಿಗೆ ಏಳು ತಿಂಗಳು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಅವಳ ಬಿ.ಪಿ. ವಾರದಿಂದ ವಾರಕ್ಕೆ ಏರುತ್ತಿತ್ತು. ಸಕಲೇಶಪುರದ ಡಾಕ್ಟರಮ್ಮನಿಗೆ ಬಿ.ಪಿ. ಬರೆದ ಚೀಟಿ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಐದು ನಿಮಿಷ ಸುಮ್ಮನೆ ಕೂರಿಸಿ ಆಮೇಲೆ ನೋಡಿದ್ರಾ?"

ತರಬೇತಿಯ ಮೊದಲ ವಾರದಲ್ಲೇ ಕಲಿತ ಪಾಠ. ಏರು ಹತ್ತಿ ಬಂದವರನ್ನು ಕೂರಿಸದೆ, ನಿಲ್ಲಿಸಿಕೊಂಡೇ ತಿಂಗಳುಗಟ್ಟಲೆ ನೋಡಿದ್ದೆ. ಮರೆವಲ್ಲ. ಆ ಅಂಗಳದಲ್ಲಿ ಅವರು ಕೂರುವುದಿಲ್ಲ ಎಂಬುದು ನನಗೆ ಹುಟ್ಟಿದಂದಿನಿಂದ ಗೊತ್ತಿತ್ತು. ಕೂರಿಸಲು ಹೋದರೆ ಇವಳಿಗೇಕೆ ಈ ಉಸಾಬರಿ ಎಂದು ಜನ ನನ್ನತ್ತ ತಿರುಗುತ್ತಾರೆ ಎಂಬ ಹೆದರಿಕೆ ನನ್ನದು. ನನ್ನ ಬಾಡಿಗೆ ಕೋಣೆ ಉಳಿಸಿಕೊಳ್ಳಲು ಸಿದ್ದಮ್ಮನನ್ನು ನಿಲ್ಲಿಸಿದ್ದೆ.

ಮುಂದಿನ ಬುಧವಾರ ನನ್ನ ಕುರ್ಚಿಯನ್ನೇ ಅಂಗಳಕ್ಕೆ ಇಳಿಸಿದೆ.

"ಅವ್ರು ಕೂರಕಿಲ್ಲ ಬಿಡಿ ಸಿಸ್ಟರ್, ಅಭ್ಯಾಸ ಇಲ್ಲ," ಎಂದ ಶಿವಪ್ಪ.

"ಬಿ.ಪಿ. ಕೂರಿಸೇ ನೋಡಬೇಕ್ರಿ," ಎಂದೆ.

ಸಿದ್ದಮ್ಮ ಬಂಗಲೆಯ ಬಾಗಿಲತ್ತ ನೋಡಿದಳು. "ಬ್ಯಾಡ ನರ್ಸಮ್ಮ, ಸಾವ್ಕಾರ್ರು ಒಳಗವ್ರೆ," ಎಂದಳು. ನಾನು ಭುಜ ಹಿಡಿದು ಕೂರಿಸಿದೆ. ಕುರ್ಚಿಯ ತುದಿಯಲ್ಲಿ, ಬಿದ್ದೇ ಹೋಗುವಳೇನೋ ಎಂಬಂತೆ ಕೂತಳು. ಐದು ನಿಮಿಷ ಬಿಟ್ಟು ನೋಡಿದರೆ ಪಾದರಸ ಹಿಂದೆಂದೂ ಏರದಷ್ಟು ಮೇಲೇರಿ ನಿಂತಿತ್ತು. ನಿಲ್ಲಿಸಿದ್ದಕ್ಕಿಂತ ಕೂರಿಸಿದ್ದೇ ಕೇಡಾಯಿತು.

ಆಗ ನಾನು ಅವಳನ್ನು ಎಬ್ಬಿಸಿ, ಅಂಗಳದ ಮೂಲೆಯ ಹಲಸಿನ ಮರಕ್ಕೆ ಒರಗಿಸಿ ನೆಲದ ಮೇಲೆ ಕೂರಿಸಿದೆ. ಪಕ್ಕದಲ್ಲಿ ನಾನೂ ಕೂತೆ. ಬಿಳಿ ಸೀರೆಗೆ ಕೆಮ್ಮಣ್ಣು ಮೆತ್ತಿಕೊಂಡಿತು. "ಏಳಿ ಅಮ್ಮ, ನೀವು ಕೂರಬಾರ್ದು," ಎಂದು ಅವಳೇ ಒದ್ದಾಡಿದಳು.

"ಯಾಕ ಕೂರಬಾರದು? ನಾನೂ ನಿಮ್ಮ ಜನಾನೇ ಸಿದ್ದಮ್ಮ. ನಮ್ಮವ್ವನೂ ಚಪ್ಪಲಿ ಕೈಯಾಗ ಹಿಡಿದೇ ನಡದಾಕಿ."

ಮೆಲ್ಲಗೆ ಹೇಳಬೇಕೆಂದಿದ್ದೆ, ದನಿ ಜೋರಾಗಿಯೇ ಬಂತು. ಶಿವಪ್ಪನ ಪೆನ್ನು ನಿಂತಿತು. ಸಿದ್ದಮ್ಮ ನನ್ನ ಮುಖವನ್ನೇ ನೋಡಿದಳು, ಆಮೇಲೆ ನಿಧಾನವಾಗಿ ಮರಕ್ಕೆ ಬೆನ್ನು ಕೊಟ್ಟಳು. "ಹಂಗಾರೆ ಅಕ್ಕ ಅನ್ನಲಾ?" ಎಂದಳು. ಮತ್ತೆ ನೋಡಿದಾಗ ಬಿ.ಪಿ. ಇಳಿದಿತ್ತು. ಪೂರ್ತಿಯಲ್ಲ, ಕೊಂಚ.

ಲಲಿತಮ್ಮನಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ತಪ್ಪು ತಿಳ್ಕಬ್ಯಾಡಿ ಕಣಮ್ಮ, ನಮ್ ತಂಗಿ ಮಗ್ಳು ಬತ್ತಾವ್ಳೆ, ಕೋಣೆ ಬೇಕಾಗೈತೆ," ಎಂದರು. ನಿಜವಾಗಿ ಬೇಸರದಿಂದಲೇ ಹೇಳಿದರು. ಅದೇ ನನಗೆ ಹೆಚ್ಚು ಉರಿಯಿತು. ಆರೋಗ್ಯ ಕೇಂದ್ರದ ಹಿಂದಿನ ಶೀಟಿನ ಕೋಣೆಗೆ ಸಾಮಾನು ಸಾಗಿಸಿದೆ. ಎಸ್ಟೇಟಿನಲ್ಲಿ ನನಗೆ ಸ್ಟೀಲ್ ಲೋಟ ಹೋಗಿ ಆಳುಗಳಿಗೆಂದು ಬೇರೆ ಇಟ್ಟ ಗಾಜಿನ ಲೋಟ ಬಂತು. ತಲೆನೋವು ಮಾತ್ರ ಕಮ್ಮಿಯಾಯಿತು.

ಆಮೇಲೆ ಲೈನಿಗೇ ಹೋಗಿ, ಸಿದ್ದಮ್ಮನ ಒಲೆಯ ಪಕ್ಕ ಕೂತು ದಿನಾ ನೋಡತೊಡಗಿದೆ. ಎಲ್ಲಕ್ಕೂ ಜಗಲಿಯ ಹೆದರಿಕೆಯೇ ಕಾರಣ, ಮನೆಯಲ್ಲಿ ಸರಿಯಿರುತ್ತದೆ ಎಂದು ಆಸೆಪಟ್ಟಿದ್ದೆ. ಸರಿಯಿರಲಿಲ್ಲ. ವರ್ಷಗಟ್ಟಲೆ ಅಂಗಳದಲ್ಲಿ ನಿಂತದ್ದು ಮನೆಗೂ ಅವಳ ಜೊತೆಯೇ ಬಂದುಬಿಟ್ಟಿತ್ತು. ತಡಮಾಡದೆ ಸಕಲೇಶಪುರಕ್ಕೆ ಸೇರಿಸಿದೆ. ತಿಂಗಳು ಮೊದಲೇ ಹೆರಿಗೆಯಾಯಿತು. ಬೊಗಸೆಯಷ್ಟು ಹೆಣ್ಣುಮಗು, ಉಳಿಯಿತು. ತಾಯಿಯೂ ಉಳಿದಳು, ಆದರೆ ಬಿ.ಪಿ. ಮಾತ್ರೆ ಅವಳ ಪಾಲಿಗೆ ಖಾಯಂ ಆಯಿತು. ಉಪ್ಪಿನ ಮಾತನ್ನು ನಾನು ಈಗಲೂ ಹೇಳುತ್ತೇನೆ, ಗದರುವುದಿಲ್ಲ.

ಈಗ ಬುಧವಾರ ಬಂದರೆ ಸಿದ್ದಮ್ಮ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನವರೆಗೂ ಚಪ್ಪಲಿ ಹಾಕಿಕೊಂಡೇ ಬರುತ್ತಾಳೆ. ಗಿಡದ ಬುಡದಿಂದ ಗೇಟಿಗೆ ಐವತ್ತು ಹೆಜ್ಜೆ. ಅಷ್ಟು ನಮ್ಮ ಗಳಿಕೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬಿ.ಪಿ. ನೋಡುವ ಪೆಟ್ಟಿಗೆಯನ್ನೂ ಒಯ್ದಿದ್ದೆ. ಅವ್ವನ ತೋಳಿಗೆ ಪಟ್ಟಿ ಸುತ್ತಿದರೆ ಸಿದ್ದಮ್ಮನದರಷ್ಟೇ ಏರಿತ್ತು. ಅವ್ವ ನಕ್ಕು, "ನಿಂದು ನೋಡ್ಕೋ ಮೊದ್ಲ," ಎಂದಳು. ಅವಳ ಪಕ್ಕ ಕೂತು ನೋಡಿಕೊಂಡೆ. ನನ್ನದು ಚೆನ್ನಾಗಿತ್ತು. "ಹಂಗಾದ್ರ ಇಲ್ಲೇ ಬಂದುಬಿಡು," ಎಂದಳು ಅವ್ವ. ಆ ಸಂಜೆ ಮೇಲಿನ ಓಣಿ ದಾಟುವಾಗ, ಸರಕಾರಿ ನೌಕರಿಯ ನನ್ನ ಕೈ ತಾನಾಗಿಯೇ ಚಪ್ಪಲಿಗೆ ಬಗ್ಗಿತು. ಎದೆ ಡವಡವ ಹೊಡೆದುಕೊಂಡಿತು. ಪೆಟ್ಟಿಗೆ ಬಿಚ್ಚಿ ನೋಡುವ ಅಗತ್ಯವಿರಲಿಲ್ಲ.

ಹೆತ್ತೂರಿಗೆ ಮರಳಿದ ಮೇಲೆ ವರ್ಗಾವಣೆಯ ಅರ್ಜಿ ತುಂಬಿಸಿದೆ. ಹೆಸರು, ಹುದ್ದೆ, ಸೇವೆಗೆ ಸೇರಿದ ದಿನ, ಎಲ್ಲ ಬರೆದಾಗಿದೆ. ಯಾವ ಊರಿಗೆ ಎಂದು ಕೇಳಿದ ಜಾಗ ಇನ್ನೂ ಖಾಲಿ ಇದೆ.