ಮುಳ್ಳಿಗೆ ಕಿವಿಯಿಟ್ಟು ಕೇಳಿದ ಹಾಡು

ಇವತ್ತು ಬೆಳಿಗ್ಗೆ ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ, ಮೊಬೈಲಿನಲ್ಲಿ ಹಳೆಯ ಹಾಡೊಂದು ತಾನಾಗಿಯೇ ಶುರುವಾಯಿತು. ಕರಕರ ಸದ್ದಿಲ್ಲ, ತೊಳೆದಿಟ್ಟಷ್ಟು ಸ್ವಚ್ಛ. ನನಗೇಕೋ ಅದು ನಮ್ಮ ಹಾಡು ಅನ್ನಿಸಲೇ ಇಲ್ಲ.

ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಅಮ್ಮ ತವರಿನಿಂದ ತಂದ ರೆಕಾರ್ಡ್ ಪ್ಲೇಯರ್ ಇತ್ತು. ಅಪ್ಪನಿಗೆ ಕಾರ್ಖಾನೆಯಲ್ಲಿ ಕಾಯಂ ನೈಟ್ ಶಿಫ್ಟ್, ಹಗಲೆಲ್ಲ ನಿದ್ದೆ. ಎದ್ದರೆ ಅವರಿಗೆ ರೇಡಿಯೋ ವಾರ್ತೆಯೇ ಬೇಕು. ಹಾಗಾಗಿ ಅಮ್ಮ ಮಧ್ಯಾಹ್ನ ಪಾತ್ರೆ ತಿಕ್ಕಿಟ್ಟು ಬಂದು, ಸೌಂಡನ್ನು ಪೂರ್ತಿ ಇಳಿಸಿ, ರೆಕಾರ್ಡಿನ ಮೇಲೆ ಮುಳ್ಳು ಇಡುತ್ತಿದ್ದಳು. ಸ್ಪೀಕರ್ ಸುಮ್ಮನಿದ್ದರೂ ಆ ಮುಳ್ಳೇ ಸೊಳ್ಳೆಯ ದನಿಯಲ್ಲಿ ಹಾಡುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

"ಜೋರಾಗಿ ಉಸಿರಾಡ್ಬೇಡ ಮಾರಾಯ್ತಿ, ಹಾಡು ಕೇಳ್ಸಲ್ಲ" ಎಂದು ಅಮ್ಮ ಪಿಸುಗುಟ್ಟುವಳು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ಕೇಳುತ್ತಿದ್ದೆವು. ಅವಳ ಕೈಯ ಹುಣಸೆಹಣ್ಣಿನ ವಾಸನೆಯೂ ನನಗೆ ಆ ಹಾಡಿನದೇ ಭಾಗ.

ಕಾರ್ಖಾನೆಯ ಸದ್ದಿನಿಂದ ಅಪ್ಪನ ಕಿವಿ ಈಗ ಮಂದ. ಇವತ್ತು ಅದೇ ಹಾಡನ್ನು ಮತ್ತೆ ಹಾಕಿ, ಸೌಂಡ್ ಪೂರ್ತಿ ಏರಿಸಿ ಮೊಬೈಲನ್ನು ಅವರ ಕಿವಿಗೆ ಹಿಡಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಚೆನ್ನಾಗಿದೆ ಕಣೇ. ಯಾವುದಿದು, ಹೊಸ ಹಾಡಾ?"

ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ಹೂಂ ಕಣ್ರೀ, ನಿಮಗೆ ಹೊಸದೇ" ಎಂದಳು.