ಎಡಗಡೆಯ ಗೋಲು

ಇವತ್ತು ನಾವೀಗ ನೆಲೆಸಿರುವ ಪರದೇಶದ ಬಡಾವಣೆ ಕರೆನ್‌ನಲ್ಲಿ ಮಗನ ಕಾಲೇಜಿನ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದೆ. ಪೆಟ್ಟಾಗಿ ಹೊರಬಂದ ಆಟಗಾರನೊಬ್ಬ “ಸಮಹಾನಿ” ಎಂದು ಇಲ್ಲಿನ ಭಾಷೆಯಲ್ಲಿ ಕ್ಷಮೆ ಕೇಳಿ ನನ್ನ ಪಕ್ಕ ಕುಳಿತು, ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡ. ಮೈಸೂರಿನ ನಮ್ಮ ಮನೆಯಲ್ಲಿ ಅಣ್ಣನ ಸಾಕ್ಸಿಗೂ ಇದೇ ವಾಸನೆ ಇರುತ್ತಿತ್ತು.

ಅಣ್ಣ ಕಾಲೇಜು ತಂಡದ ಡಿಫೆಂಡರ್. ಅಪ್ಪನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ. ಅಣ್ಣ ಎಷ್ಟೋ ಸಲ ಕರೆದ ಮೇಲೆ ಒಂದು ಫೈನಲ್‌ಗೆ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಕೈ ಹಿಡಿದುಕೊಂಡು.

“ನಮ್ಮೋರು ಯಾವ ಕಡೆ ಗೋಲ್ ಹೊಡೀಬೇಕು ಪುಟ್ಟಿ?”

ಎಡಗಡೆಗೆ ಬೆರಳು ತೋರಿಸಿದೆ. ಅರ್ಧ ಆಟದ ನಂತರ ತಂಡಗಳು ಬದಿ ಬದಲಿಸುತ್ತವೆ ಎಂದು ಹೇಳುವುದನ್ನು ಕಡಲೆಕಾಯಿ ಸುಲಿಯುತ್ತ ಮರೆತೆ. ಕೆಸರಿನಲ್ಲಿ ಎಲ್ಲರ ಜೆರ್ಸಿಯೂ ಒಂದೇ ಬಣ್ಣವಾಗಿತ್ತು. ಕೊನೆಯ ಗಳಿಗೆಯಲ್ಲಿ ಎದುರಾಳಿಯೊಬ್ಬ ಅಣ್ಣನನ್ನು ದಾಟಿ ಎಡಗಡೆಯ ಗೋಲಿಗೆ ಚೆಂಡು ತೂರಿಸಿದ. ಅಪ್ಪ ಎದ್ದು ನಿಂತು ಜೋರಾಗಿ ಚಪ್ಪಾಳೆ ಹೊಡೆದರು. ಅಣ್ಣ ತಲೆಯೆತ್ತಿ ನಮ್ಮನ್ನು ನೋಡಿದ.

ಬಸ್ಸಿನಲ್ಲಿ ಅಪ್ಪ, “ಗೆದ್ದೂ ಯಾಕೋ ಮುಖ ಊದಿಸ್ಕೊಂಡಿದ್ದೀಯ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನನ್ನ ಕೈ ಅದುಮಿದ.

“ಸುಸ್ತಪ್ಪ,” ಎಂದ.

ಆ ಪಂದ್ಯವನ್ನು ಅಣ್ಣನ ತಂಡ ಗೆದ್ದಿತೆಂದೇ ನಂಬಿಕೊಂಡು ಅಪ್ಪ ಕಳೆದ ತಿಂಗಳು ತೀರಿಕೊಂಡರು. ಇವತ್ತು ಮೈದಾನದಿಂದಲೇ ಅಣ್ಣನಿಗೆ ಫೋನ್ ಮಾಡಿ, ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ನಿಜ ಹೇಳಬಹುದಿತ್ತಲ್ಲ ಎಂದೆ.



“ಅಪ್ಪ ನಂಗೋಸ್ಕರ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದು ಅದೊಂದೇ ಸಲ ಕಣೇ.”